ಎಣ್ಣೆಯಲ್ಲಿ ಮುಳುಗಿದ ಸೂಜಿಮೆಣಸು: ಇಡಬಹುದೇ, ಎಸೆಯಬೇಕೇ?

ಪ್ರಶ್ನೆ: ಶಿರಸಿಯ ಬೀಗರು ಕೊಟ್ಟ ಸೂಜಿಮೆಣಸಿನ ಸಸಿ ಎರಡು ವರ್ಷದಲ್ಲಿ ನಮ್ಮ ಹಿತ್ತಲಲ್ಲಿ ಎದೆಯೆತ್ತರ ಬೆಳೆದಿದೆ. ಈ ಸಲ ಮಳೆ ಬಿದ್ದ ಮೇಲೆ ಕಿತ್ತಷ್ಟೂ ಕಾಯಿ ಬಿಡುತ್ತಿದೆ. ಹಸಿ ಕಾಯಿಗಳನ್ನು ತೊಳೆದು ಒರೆಸಿ, ಬೆಳ್ಳುಳ್ಳಿ ಎಸಳಿನ ಜೊತೆ ಕುದಿಸಿದ ಗಾಜಿನ ಬಾಟಲಿಗೆ ಹಾಕಿ, ಶೇಂಗಾ ಎಣ್ಣೆ ತುಂಬಿ ಅಡುಗೆಮನೆಯ ಮಾಡದಲ್ಲಿ ಇಟ್ಟಿದ್ದೆ. ಮೂರು ವಾರವಾಯಿತು, ಈಗ ಸಣ್ಣ ಗುಳ್ಳೆಗಳು ಏಳುತ್ತಿವೆ. ಎಣ್ಣೆಯಲ್ಲಿ ಮುಳುಗಿದ್ದು ಕೆಡುವುದಿಲ್ಲ, ಅದರಲ್ಲೂ ಇಷ್ಟು ಖಾರದ ಕಾಯಿಗೆ ಯಾವ ಕ್ರಿಮಿಯೂ ಬರುವುದಿಲ್ಲ ಎನ್ನುತ್ತಾರೆ ಮಾವನವರು. ಇದು ವಿಷವಾಗಬಹುದು ಎಂದು ಮೊಬೈಲಿನಲ್ಲಿ ಓದಿದ ಮಗಳು ಹೆದರಿದ್ದಾಳೆ. ಹಣ್ಣಾದ ಕಾಯಿಯಿಂದ ರಂಜಕವನ್ನೂ ಮಾಡಿದ್ದೆ. ರುಚಿಗೆ ತಕ್ಕಷ್ಟು ಉಪ್ಪು ಹಾಕಿದ್ದೆ, ಮೂರನೆಯ ದಿನ ನೊರೆಯೆದ್ದು ಮುಚ್ಚಳ ಸಿಡಿಯಿತು. ಮೇಲೆ ಬಿಳಿ ಪದರ ಕಟ್ಟಿದೆ. ಒಣಗಲು ಹಾಕಿದವು ಒಳಗೆ ಕಪ್ಪಾಗಿವೆ. ಅಡುಗೆಗಾದರೂ ಬಳಸೋಣವೆಂದು ಬದನೆಕಾಯಿ ಪಲ್ಯಕ್ಕೆ ನಾಲ್ಕು ಹೆಚ್ಚಿ ಹಾಕಿದರೆ ಯಾರಿಂದಲೂ ತಿನ್ನಲಾಗಲಿಲ್ಲ, ನನ್ನ ಬೆರಳುಗಳು ರಾತ್ರಿಯಿಡೀ ಉರಿದವು. ಮಾವನವರಿಗೆ ಅಸಿಡಿಟಿ ಬೇರೆ ಇದೆ. ಹಾವೇರಿಯ ತವರಿಗೂ ಒಂದು ಬಾಟಲಿ ಕಳಿಸಬೇಕೆಂದಿದ್ದೆ. ಏನು ಮಾಡಲಿ?
(ಓದುಗರೊಬ್ಬರು, ಗದಗ)

ಉತ್ತರ: ಮೊದಲು ಎಣ್ಣೆಯ ಬಾಟಲಿಯ ವಿಷಯ ಮುಗಿಸೋಣ. ಅದನ್ನು ಎಸೆಯಿರಿ. ಮುಚ್ಚಳ ತೆಗೆದು ಮೂಸಿ ನೋಡುವುದು ಬೇಡ, ನಾಲಿಗೆಯ ತುದಿಗೆ ಹಚ್ಚಿ ನೋಡುವುದಂತೂ ಬೇಡವೇ ಬೇಡ. ಮುಚ್ಚಳ ಬಿಗಿದಂತೆಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಹಿತ್ತಲ ತಿಪ್ಪೆಗೆ ಸುರಿದರೆ ದನವೋ ನಾಯಿಯೋ ಮೂತಿ ಹಾಕೀತು. ಮೂರು ವಾರದಲ್ಲಿ ಮನೆಯವರು ಯಾರಾದರೂ ಅದನ್ನು ತಿಂದಿದ್ದರೆ ಗಾಬರಿಯಾಗಬೇಕಿಲ್ಲ, ಇಂಥ ಎಣ್ಣೆಯಿಂದ ಬರಬಹುದಾದ ಬಾಟ್ಯುಲಿಸಂ ಎಂಬ ಕಾಯಿಲೆ ಅಪರೂಪ. ಆದರೆ ಕಣ್ಣಿಗೆ ಒಂದು ವಸ್ತು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಿ, ಏನು ತಿಂದಿರಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಈ ಲಕ್ಷಣಗಳು ಸಾಮಾನ್ಯವಾಗಿ ತಿಂದ 12ರಿಂದ 36 ಗಂಟೆಗಳಲ್ಲಿ ಕಾಣಿಸುತ್ತವೆ, ಕೆಲವೊಮ್ಮೆ ಹಲವು ದಿನ ತಡವಾಗಿಯೂ ಬರಬಹುದು.

ನಿಮ್ಮ ಮಗಳು ಓದಿದ್ದು ಬಾಟ್ಯುಲಿಸಂ ಬಗ್ಗೆ. ಅವಳು ಹೆದರಿದ್ದು ಸರಿ. ಇದನ್ನು ತರುವ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತದೆ. ಹಿತ್ತಲ ಕಾಯಿಯ ಮೇಲೆ, ಬೆಳ್ಳುಳ್ಳಿಯ ಬುಡದಲ್ಲಿ ಅದರ ಬೀಜಕಣಗಳು ಸುಮ್ಮನೆ ಕೂತಿರುತ್ತವೆ. ನಾವು ದಿನವೂ ತಿನ್ನುತ್ತೇವೆ, ಏನೂ ಆಗುವುದಿಲ್ಲ. ಗಾಳಿ ಇರಬಾರದು, ಹುಳಿ ಇರಬಾರದು, ಉಪ್ಪು ಹೆಚ್ಚಿರಬಾರದು, ತೇವ ಇರಬೇಕು, ಅಡುಗೆಮನೆಯಷ್ಟು ಬೆಚ್ಚಗಿರಬೇಕು. ಇಷ್ಟೂ ಒಂದೇ ಕಡೆ ಕೂಡಿ ಬಂದರೆ ಆ ಕಣಗಳು ಮೊಳೆತು ವಿಷ ಕಾರುತ್ತವೆ. ನಿಮ್ಮ ಬಾಟಲಿಯಲ್ಲಿ ಇಷ್ಟೂ ಕೂಡಿ ಬಂದಿದೆ. ಬಾಟಲಿಯನ್ನು ಕುದಿಸಿದ್ದೆ ಎಂದು ಬರೆದಿದ್ದೀರಿ. ಕಣಗಳಿದ್ದದ್ದು ಬಾಟಲಿಯಲ್ಲಲ್ಲ, ಕಾಯಿಯ ಮೇಲೆ. ಕುದಿಯುವ ನೀರು ಅವುಗಳನ್ನು ಕೊಲ್ಲಲಾರದು, ಅದಕ್ಕೆ 121 ಡಿಗ್ರಿಯ ಒತ್ತಡದ ಆವಿ ಬೇಕು. ಇನ್ನು ಗುಳ್ಳೆ ಎದ್ದಿತೆಂದರೆ ವಿಷವಾಗಿಯೇ ಆಗಿದೆ ಎಂದಲ್ಲ, ಬೇರೆ ಸೂಕ್ಷ್ಮಜೀವಿಗಳೂ ಗುಳ್ಳೆ ಎಬ್ಬಿಸುತ್ತವೆ. ಕಷ್ಟವಿರುವುದು ಇನ್ನೊಂದು ಕಡೆ: ಗುಳ್ಳೆಯೇ ಇಲ್ಲದ, ಘಮಘಮಿಸುವ ಎಣ್ಣೆಯಲ್ಲೂ ಈ ವಿಷ ಇರಬಲ್ಲದು. ಬಣ್ಣ, ವಾಸನೆ, ರುಚಿ ಯಾವುದೂ ಸುಳಿವು ಕೊಡುವುದಿಲ್ಲ.

ಹಾಗಾದರೆ ಮಾವನವರ ಮಾತು ಸುಳ್ಳೇ? ಅವರು ನೋಡಿದ್ದು ನಿಜ, ಅದಕ್ಕೆ ಕಾರಣ ಹೇಳಿದ್ದು ತಪ್ಪು. ಅವರು ಕಂಡಿದ್ದು ಭರಣಿಯ ಮಾವಿನ ಉಪ್ಪಿನಕಾಯಿ, ನಿಂಬೆಯ ಉಪ್ಪಿನಕಾಯಿ. ಅವುಗಳ ಮೇಲೆ ಎರಡು ಬೆರಳು ಎಣ್ಣೆ ನಿಂತಿರುತ್ತಿತ್ತು, ವರ್ಷ ಕಳೆದರೂ ಕೆಡುತ್ತಿರಲಿಲ್ಲ. ಆ ಉಪ್ಪಿನಕಾಯಿಯನ್ನು ಕಾಯ್ದದ್ದು ಮಾವಿನ ಹುಳಿ ಮತ್ತು ಹಿಡಿಗಟ್ಟಲೆ ಹಾಕಿದ ಉಪ್ಪು. ಎಣ್ಣೆ ಮಾಡಿದ್ದು ಇಷ್ಟೇ, ಗಾಳಿ ಬೇಕಾದ ಬೂಷ್ಟು ಮೇಲೆ ಕಟ್ಟದಂತೆ ತಡೆದದ್ದು. ಹೆಸರು ಮಾತ್ರ ಎಣ್ಣೆಗೆ ಬಂತು. ಉಪ್ಪು ಹುಳಿ ಇಲ್ಲದ ಹಸಿ ಕಾಯಿಯ ಮೇಲೆ ಅದೇ ಎಣ್ಣೆ ಸುರಿಯುವುದೆಂದರೆ ಕಳ್ಳನನ್ನು ಮನೆಯೊಳಗೇ ಬಿಟ್ಟು ಕದ ಹಾಕಿದಂತೆ.

ಖಾರವೇ ಕಾಯಿಯನ್ನು ಕಾಯುತ್ತದೆ ಎಂಬ ನಂಬಿಕೆಯೂ ಇದೇ ಜಾತಿಯದು. ಕ್ಯಾಪ್ಸೈಸಿನ್ ಎಂಬ ಖಾರದ ಅಂಶ ಪ್ರಯೋಗಾಲಯದಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ಹತ್ತಿಕ್ಕುವುದು ನಿಜ. ಆದರೆ ನಿಮ್ಮ ಬಾಟಲಿಯನ್ನು ಕಾಪಾಡುವಷ್ಟು ಶಕ್ತಿ ಅದಕ್ಕಿಲ್ಲ. ಬಾಯಿ ಉರಿಯುವುದು ನಮಗೆ, ಬ್ಯಾಕ್ಟೀರಿಯಾಕ್ಕೆ ಬಾಯಿಯೇ ಇಲ್ಲ. ಹಕ್ಕಿಗಳಿಗೂ ಈ ಖಾರ ತಿಳಿಯುವುದಿಲ್ಲ. ನಿಮ್ಮ ಗಿಡದ ಕೆಂಪು ಹಣ್ಣುಗಳನ್ನು ನಿಮಗಿಂತ ಮೊದಲು ಹಕ್ಕಿಗಳೇ ಖಾಲಿ ಮಾಡುತ್ತಿರಬೇಕು, ಅವು ಹೀಗೆ ಬೀಜ ಹರಡಿಯೇ ಈ ಜಾತಿಯ ಗಿಡಗಳು ಬೇಲಿಬೇಲಿಗಳಲ್ಲಿ ತಾವಾಗಿ ಹುಟ್ಟುವುದು. ಆದ್ದರಿಂದ ಮೆಣಸಿನಕಾಯಿಯನ್ನು ಇಡಬೇಕೆಂದರೆ ಉಳಿದ ತರಕಾರಿಗಳಿಗೆ ಇರುವ ನಾಲ್ಕೇ ದಾರಿಗಳು: ಉಪ್ಪು, ಹುಳಿ, ಒಣಗಿಸುವುದು, ತಂಪು. ಎಣ್ಣೆ ಇವುಗಳ ಜೊತೆಗೆ ಬರಬಹುದು, ಒಂಟಿಯಾಗಿ ಬರಬಾರದು.

ಖಾರದ ಎಣ್ಣೆಯೇ ಬೇಕೆಂದಿದ್ದರೆ ಪೂರ್ತಿ ಒಣಗಿದ ಕಾಯಿಯಿಂದ ಮಾಡಿ. ಕಾಯಿಸಿ ತುಸು ಆರಿದ ಎಣ್ಣೆಯನ್ನು ಪುಡಿಯ ಮೇಲೆ ಸುರಿಯಿರಿ, ಹಸಿ ಬೆಳ್ಳುಳ್ಳಿ ಹಾಕಬೇಡಿ, ಫ್ರಿಜ್ಜಿನಲ್ಲಿಡಿ. ಹಸಿ ಕಾಯಿ, ಬೆಳ್ಳುಳ್ಳಿಯ ರುಚಿಯೇ ಬೇಕೆಂದರೆ ಸ್ವಲ್ಪವೇ ಮಾಡಿ ಫ್ರಿಜ್ಜಿನಲ್ಲಿಟ್ಟು ನಾಲ್ಕು ದಿನದೊಳಗೆ ಮುಗಿಸಿ.

ಇನ್ನು ರಂಜಕ. ನನ್ನ ಕೈಗೆ ಬರುವ ಪ್ರಶ್ನೆಗಳಲ್ಲಿ ಅರ್ಧದಷ್ಟು ಇದರ ನೊರೆಯ ಬಗ್ಗೆಯೇ ಇರುತ್ತವೆ. ನೊರೆ ಏಳುವುದು ರೋಗವಲ್ಲ. ಅರೆದ ಹಣ್ಣು ಮೆಣಸಿನಕಾಯಿಗೆ ಉಪ್ಪು ಬಿದ್ದಾಗ, ಉಪ್ಪು ತಾಳಿಕೊಳ್ಳುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಕಾಯಿಯ ಸಕ್ಕರೆಯನ್ನು ತಿಂದು ಹುಳಿ ಮಾಡುತ್ತವೆ, ಜೊತೆಗೆ ಅನಿಲವೂ ಹೊರಡುತ್ತದೆ. ರಂಜಕಕ್ಕೆ ಮೂಗಿಗೆ ಹೊಡೆಯುವ ಆ ಹುಳಿ ಘಮ ಬರುವುದು ಇದರಿಂದಲೇ. ಮುಚ್ಚಳ ಸಿಡಿದದ್ದು ನೀವು ತಿರುಪಿನ ಬಾಟಲಿಯನ್ನು ಬಿಗಿದಿಟ್ಟಿದ್ದರಿಂದ. ಗಾಜೇ ಒಡೆಯಲಿಲ್ಲವಲ್ಲ, ಸಮಾಧಾನಪಡಿ. ಮೊದಲ ವಾರ ಪಿಂಗಾಣಿ ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಮೇಲೆ ಸಡಿಲವಾಗಿ ಮುಚ್ಚಳವಿಟ್ಟರೆ ಸಾಕು, ಮುಕ್ಕಾಲಕ್ಕಿಂತ ಹೆಚ್ಚು ತುಂಬಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಉಪ್ಪು ಹುಳಿ ಸೇರಿ ಅದನ್ನು ತೂತು ಮಾಡುತ್ತವೆ.

ಬಿಳಿ ಪದರವನ್ನು ಬೆಳಕಿಗೆ ಹಿಡಿದು ನೋಡಿ. ಅದು ತೆಳ್ಳಗೆ, ಮಟ್ಟಸವಾಗಿ, ಸುಕ್ಕುಸುಕ್ಕಾಗಿ ಇದ್ದರೆ ಒಂದು ಬಗೆಯ ಯೀಸ್ಟ್. ಅಪಾಯಕಾರಿಯಲ್ಲ, ಆದರೆ ಬಿಟ್ಟರೆ ಹುಳಿಯನ್ನು ತಿಂದು ಹಾಕುತ್ತದೆ. ಅದೇ ಪದರ ಉಬ್ಬಿ, ನವಿರು ರೋಮದಂತೆ ಎದ್ದು, ಹಸಿರು, ಕಪ್ಪು ಅಥವಾ ನಸುಗೆಂಪು ಬಣ್ಣವಿದ್ದರೆ ಅದು ಬೂಷ್ಟು. ಮೇಲಿನದನ್ನು ತೆಗೆದು ಕೆಳಗಿನದನ್ನು ತಿನ್ನುವ ಜಾಣತನ ಇಲ್ಲಿ ಬೇಡ, ಭರಣಿ ಪೂರ್ತಿ ಹೋಗಲಿ. ಮೆತ್ತನೆಯ ಚಟ್ನಿಯಲ್ಲಿ ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ.

ನಿಮ್ಮದು ಸುಕ್ಕು ಪದರವೇ ಆಗಿದ್ದರೆ ಅದನ್ನು ತೆಗೆದು ಹುಳಿ ಅಳೆಯಿರಿ. ರುಚಿಗೆ ತಕ್ಕಷ್ಟು ಉಪ್ಪು ಎಂದಿರಿ. ಪಲ್ಯಕ್ಕೆ ಅದು ಸರಿ, ಇಡುವ ಪದಾರ್ಥಕ್ಕೆ ತಕ್ಕಡಿ ಬೇಕು. ಔಷಧಿ ಅಥವಾ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಗಳಲ್ಲಿ ಹುಳಿ ಅಳೆಯುವ ಪಿಎಚ್ ಪಟ್ಟಿ ಸಿಗುತ್ತದೆ, ಅದರಲ್ಲಿ ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ರಂಜಕದಲ್ಲಿ ಅದ್ದಿದರೆ ಪಟ್ಟಿಯೇ ಕೆಂಪಾಗಿ ಬಣ್ಣ ಓದಲಾಗದು. ಒಂದು ಚಮಚ ರಂಜಕವನ್ನು ಬಟ್ಟೆಯಲ್ಲಿ ಹಿಂಡಿ, ಬಂದ ರಸವನ್ನು ಕೆಲ ಹೊತ್ತು ತಿಳಿಯಾಗಲು ಬಿಟ್ಟು ಮೇಲಿನ ಹನಿಯನ್ನು ಪಟ್ಟಿಗೆ ಮುಟ್ಟಿಸಿ. ಬಾಟ್ಯುಲಿಸಂ ಬ್ಯಾಕ್ಟೀರಿಯಾ 4.6ಕ್ಕಿಂತ ಕೆಳಗೆ ಬೆಳೆಯದು, ಪಟ್ಟಿ ತುಸು ಆಚೀಚೆ ತೋರಿಸಬಹುದಾದ್ದರಿಂದ ನಾವು 4 ಅಥವಾ ಅದಕ್ಕೂ ಕಡಿಮೆ ಇಟ್ಟುಕೊಳ್ಳೋಣ. ಅಷ್ಟು ಬಂದಿದ್ದರೆ ನಿಂಬೆರಸ, ಉಪ್ಪು ಸೇರಿಸಿ ಫ್ರಿಜ್ಜಿಗೆ ಸೇರಿಸಿ. ಬಂದಿಲ್ಲವೆಂದರೆ, ಮೂರು ದಿನ ಕಡಿಮೆ ಉಪ್ಪಿನಲ್ಲಿ ಕೂತದ್ದನ್ನು ಈಗ ಉಳಿಸಲು ಹೊರಡುವುದಕ್ಕಿಂತ ಹೊಸದಾಗಿ ಮಾಡುವುದು ಲೇಸು.

ಹೊಸದಾಗಿ ಮಾಡುವಾಗ ಬರಿಯ ಸೂಜಿಮೆಣಸಿನಿಂದ ಮಾಡಬೇಡಿ, ಅದು ರೊಟ್ಟಿಗೆ ಹಚ್ಚುವ ಪದಾರ್ಥವಾಗದು. ನಮ್ಮ ಸೀಮೆಯ ರಂಜಕದ ಮೈ, ಬಣ್ಣ ಎರಡೂ ಬ್ಯಾಡಗಿಯದು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಬ್ಯಾಡಗಿಯ ಹೆಗ್ಗಳಿಕೆ, 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗಲೂ ಲೋಕದ ಗಮನ ಹೋದದ್ದು ಆ ಕೆಂಪಿನ ಕಡೆಗೆ. ಸೂಜಿಮೆಣಸು ಅದರ ತದ್ವಿರುದ್ಧ. ಸ್ಕೋವಿಲ್ ಅಳತೆಯಲ್ಲಿ ಈ ಜಾತಿಯ ಕಾಯಿಗಳ ಖಾರ ಸಾಮಾನ್ಯವಾಗಿ 50 ಸಾವಿರದಿಂದ 1 ಲಕ್ಷದವರೆಗೆ ಇರುತ್ತದೆ. ಹಾಗಾಗಿ ಬ್ಯಾಡಗಿಯನ್ನು ಮುಖ್ಯವಾಗಿಟ್ಟುಕೊಂಡು ಸೂಜಿಮೆಣಸನ್ನು ಒಗ್ಗರಣೆಯಷ್ಟೇ ಬಳಸಿ. ಈಗ ಹಸಿ ಕೆಂಪು ಹಣ್ಣು ಸಿಗದ ಕಾಲ. ಒಣ ಬ್ಯಾಡಗಿಯ ತೊಟ್ಟು ಬಿಡಿಸಿ ಬಿಸಿನೀರಿನಲ್ಲಿ ನೆನೆಹಾಕಿ ಬಸಿಯಿರಿ. ನೆನೆದ ಕಾಯಿ ಅರ್ಧ ಕಿಲೋ ಇದ್ದರೆ ಹಣ್ಣಾದ ಸೂಜಿಮೆಣಸು 25 ಗ್ರಾಂ, ಉಪ್ಪು 60 ಗ್ರಾಂ, ನಿಂಬೆರಸ 100 ಮಿಲಿ, ಬೆಳ್ಳುಳ್ಳಿ ಒಂದೆರಡು ಗಡ್ಡೆ, ಹುರಿದು ಪುಡಿ ಮಾಡಿದ ಮೆಂತ್ಯ ಒಂದು ಚಮಚ. ನೀರು ತಾಗಿಸದೆ ಅರೆದು ಫ್ರಿಜ್ಜಿನಲ್ಲಿಡಿ. ಇಲ್ಲಿ ಹುಳಿ ಮೊದಲೇ ಬಿದ್ದಿರುವುದರಿಂದ ಹುದುಗುವ ಸಂಭ್ರಮವೂ ಇಲ್ಲ, ಮುಚ್ಚಳ ಸಿಡಿಯುವ ಭಯವೂ ಇಲ್ಲ. ಸಂಕ್ರಾಂತಿಯ ಆಚೀಚೆ ಕೆಂಪು ಹಣ್ಣು ಸಂತೆಗೆ ಬಂದಾಗ ಭರಣಿಯಲ್ಲಿ ಹುದುಗಿಸುವ ಹಳೆಯ ಕ್ರಮವನ್ನು ನಿಧಾನವಾಗಿ ಮಾಡಿಕೊಳ್ಳಿ. ರುಚಿ ಅದರದೇ ಮೇಲು, ಅದರಲ್ಲಿ ಚರ್ಚೆ ಇಲ್ಲ.

ಇಡೀ ಕಾಯಿಗಳನ್ನೇ ಇಡಬೇಕೆಂದರೆ ವಿನೆಗರ್ ಸುಲಭ. ಬೇರೆ ದೇಶದ ಪಾಕವಿಧಾನಗಳಲ್ಲಿ ವಿನೆಗರ್ ಎಷ್ಟೋ ನೀರೂ ಅಷ್ಟೇ ಎಂದಿರುತ್ತದೆ. ಅಲ್ಲಿಯ ವಿನೆಗರ್‌ನಲ್ಲಿ ಆಮ್ಲ ಶೇ 5, ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುತೇಕ ಶೇ 4. ಆದ್ದರಿಂದ ಚೀಟಿ ಓದಿ, ನೀರು ಬೆರೆಸದೆ ಹಾಗೆಯೇ ಬಳಸಿ. ಪ್ರತಿ ಕಾಯಿಯನ್ನೂ ಸೂಜಿಯಿಂದ ಎರಡು ಕಡೆ ಚುಚ್ಚಲೇಬೇಕು, ಇಲ್ಲವಾದರೆ ಮೇಣದಂಥ ಸಿಪ್ಪೆ ದಾಟಿ ಹುಳಿ ಒಳಗಿಳಿಯುವುದಿಲ್ಲ, ಟೊಳ್ಳು ಕಾಯಿ ತೇಲುತ್ತಾ ಕೂರುತ್ತದೆ. ಉಪ್ಪು ಹಾಕಿ ಕುದಿಸಿದ ವಿನೆಗರನ್ನು ಮುಳುಗುವಷ್ಟು ಸುರಿದು, ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಜೊತೆಗೆ ಹಾಕಿದ ಬೆಳ್ಳುಳ್ಳಿ ಕೆಲವೊಮ್ಮೆ ನೀಲಿಯಾಗುತ್ತದೆ. ಅದು ಬೆಳ್ಳುಳ್ಳಿಯ ಗಂಧಕದ ಅಂಶ ಹುಳಿಯಲ್ಲಿ ಮಾಡುವ ಆಟ, ತಿನ್ನಬಹುದು.

ಒಣಗಿಸುವುದಕ್ಕೆ ನೀವು ಆರಿಸಿಕೊಂಡ ಕಾಲವೇ ತಪ್ಪು. ಶ್ರಾವಣದ ಮೋಡದಲ್ಲಿ ಇಡೀ ಸೂಜಿಮೆಣಸು ಒಣಗುವುದಿಲ್ಲ. ಹೊರಗಿನ ಸಿಪ್ಪೆ ಗರಿಗರಿಯಾಗಿ ಕಂಡರೂ ಬೀಜದ ಸುತ್ತ ತೇವ ಉಳಿದು ಬೂಷ್ಟು ಹಿಡಿಯುತ್ತದೆ. ನೀವು ನೋಡಿದ ಕಪ್ಪು ಅದೇ ಇರಬೇಕು. ಬೂಷ್ಟು ಬಿಟ್ಟುಹೋಗುವ ಅಫ್ಲಾಟಾಕ್ಸಿನ್ ಎಂಬ ವಿಷ ತೊಳೆದರೂ ಹೋಗದು, ಹುರಿದರೂ ಹೋಗದು. ಆ ರಾಶಿಯಿಂದ ಆರಿಸಿ ಒಳ್ಳೆಯವನ್ನು ಉಳಿಸಿಕೊಳ್ಳುವ ಆಸೆ ಬಿಡಿ. ಸಿಪ್ಪೆಯ ಮೇಲೆ ಬಿಳಿ ಮಚ್ಚೆಯಷ್ಟೇ ಇದ್ದು ಮುರಿದಾಗ ಒಳಗೆ ಶುಭ್ರವಾಗಿದ್ದರೆ ಅದು ಬಿಸಿಲಿಗೆ ಬಣ್ಣ ಹೋದದ್ದು, ಅದರಿಂದ ತೊಂದರೆಯಿಲ್ಲ. ಫೆಬ್ರುವರಿ ಕಳೆದ ಮೇಲೆ ಗದಗಿನ ಬಿಸಿಲಿಗೆ ಹೇಳುವುದೇ ಬೇಡ. ಆಗ ಪೂರ್ತಿ ಕೆಂಪಾದವನ್ನು ಮಾತ್ರ ಕಿತ್ತು, ಉದ್ದಕ್ಕೆ ಸೀಳಿ, ನೆಲದ ಮೇಲಲ್ಲದೆ ಹೊರಸಿನ ಮೇಲೆ ಬಟ್ಟೆ ಹಾಸಿ ಹರಡಿ, ಸಂಜೆ ಇಬ್ಬನಿ ಬೀಳುವ ಮುನ್ನ ಒಳಗೆ ತನ್ನಿ. ಅಲುಗಿಸಿದರೆ ಗಲಗಲ ಎನ್ನಬೇಕು, ಮಡಚಿದರೆ ಬಾಗದೆ ಮುರಿಯಬೇಕು. ಹಸಿರು ಕಾಯಿ ಉಳಿದರೆ ಅದೇ ಬಿಸಿಲಿಗೆ ಬಾಳಕ ಮಾಡಿ: ಸೀಳಿ, ಉಪ್ಪು ಬೆರೆಸಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಮಜ್ಜಿಗೆ ತೀರುವವರೆಗೆ ಹೀಗೆಯೇ. ಕರಿಯುವಾಗ ಕಿಟಕಿ ತೆರೆದಿಡಿ, ಘಾಟಿಗೆ ಓಣಿಯೇ ಕೆಮ್ಮುತ್ತದೆ.

ಇಷ್ಟೆಲ್ಲ ಯಾರು ಮಾಡುತ್ತಾರೆ ಎನಿಸಿದರೆ ಫ್ರೀಜರ್ ಇದೆ. ತೊಳೆದು, ನೀರಿನ ಪಸೆ ಇಲ್ಲದಂತೆ ಆರಿಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ತುಂಬಿ. ಬೇಕಾದಾಗ ಎರಡು ತೆಗೆದು ಹಾಗೆಯೇ ಹಾಕಬಹುದು. ಕಾಯಿ ಮೆತ್ತಗಾಗುತ್ತದೆ, ಖಾರ ಕಡಿಮೆಯಾಗದು. ಈ ಮಳೆಗಾಲಕ್ಕೆ ನನ್ನ ಸಲಹೆ ಇದೇ.

ಅಡುಗೆಯಲ್ಲಿ ಇದನ್ನು ಹಸಿಮೆಣಸಿನಕಾಯಿಯ ಬದಲಿಗೆ ಎಂದುಕೊಂಡದ್ದೇ ತೊಂದರೆ. ಖಾರ ಇರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. ದೊಡ್ಡ ಕಾಯಿಯಲ್ಲಿ ಅದನ್ನು ಕೆರೆದು ತೆಗೆಯಬಹುದು, ಉಗುರಿನಷ್ಟು ಕಾಯಿಯಲ್ಲಿ ತೆಗೆಯಲು ಉಳಿಯುವುದಾದರೂ ಏನು? ಆದ್ದರಿಂದ ಹೆಚ್ಚಬೇಡಿ. ಸಾರಿಗೆ, ಬೇಳೆಗೆ ಒಂದೋ ಎರಡೋ ಕಾಯಿಯನ್ನು ತೊಟ್ಟಿನ ಸಮೇತ ಇಡಿಯಾಗಿ ಬಿಟ್ಟು, ಖಾರ ಸಾಕೆನಿಸಿದಾಗ ತೊಟ್ಟು ಹಿಡಿದು ಎತ್ತಿಬಿಡಿ. ಬಿಸಿ ಎಣ್ಣೆಗೆ ಹಾಕುವುದಾದರೆ ತುದಿ ಚುಚ್ಚಿ ಹಾಕಿ, ಇಲ್ಲವಾದರೆ ಸಿಡಿದು ಮುಖಕ್ಕೆ ಹಾರುತ್ತದೆ. ಈ ಕಾಯಿಗೆ ಖಾರದ ಹಿಂದೆ ಹಣ್ಣಿನಂಥ ಒಂದು ಪರಿಮಳವಿದೆ. ಅದು ತಿಳಿಯಬೇಕೆಂದರೆ ಶೇಂಗಾ ಚಟ್ನಿಗೆ ಒಂದೇ ಒಂದನ್ನು ಉಪ್ಪಿನ ಜೊತೆ ಒರಳಿನಲ್ಲಿ ಮೊದಲು ಅರೆದು, ಆಮೇಲೆ ಶೇಂಗಾ ಸೇರಿಸಿ ಕುಟ್ಟಿ, ಗಟ್ಟಿ ಮೊಸರಿನೊಂದಿಗೆ ತಿಂದು ನೋಡಿ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಬಾಯಿ ಉರಿದಾಗ ನೀರು ಕುಡಿದರೆ ಉರಿ ಹರಡುತ್ತದೆ, ಮೊಸರು ಬೆಣ್ಣೆ ತಣಿಸುತ್ತವೆ. ರಂಜಕದ ಪಕ್ಕದಲ್ಲಿ ಬೆಣ್ಣೆ ಇಡುವ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೈ ಉರಿಗೂ ಇದೇ ಲೆಕ್ಕ. ಮೊದಲು ಅಡುಗೆ ಎಣ್ಣೆ ಸವರಿ ಉಜ್ಜಿ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪು, ತಣ್ಣೀರು. ಬಿಸಿನೀರು ಉರಿಯನ್ನು ಇಮ್ಮಡಿ ಮಾಡುತ್ತದೆ. ಕಾರಣವಿದೆ: ಸುಡುವ ಬಿಸಿಯನ್ನು ತಿಳಿಸುವ ನರದ ಗ್ರಾಹಿ ಯಾವುದೋ ಅದನ್ನೇ ಕ್ಯಾಪ್ಸೈಸಿನ್ ಕೂಡ ಕೆರಳಿಸುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಚರ್ಮ ಸುಟ್ಟಿರುವುದಿಲ್ಲ, ಸುಟ್ಟಿತೆಂದು ನರ ಸುದ್ದಿ ಕಳಿಸುತ್ತಿರುತ್ತದೆ. ಕಣ್ಣಿಗೆ ತಾಗಿದರೆ ಮಾತ್ರ ಎಣ್ಣೆ ಹಾಲು ಯಾವುದೂ ಬೇಡ, ಶುದ್ಧ ನೀರನ್ನೇ ಧಾರಾಳವಾಗಿ ಬಿಡಿ. ಮುಂದಿನ ಸಲ ಕೈಗವಸು ಹಾಕಿಕೊಳ್ಳಿ, ಮಿಕ್ಸರಿನ ಮುಚ್ಚಳವನ್ನು ನಿಂತ ತಕ್ಷಣ ತೆರೆದು ಮುಖ ಬಗ್ಗಿಸಬೇಡಿ.

ಮಾವನವರ ಹೊಟ್ಟೆಯ ಬಗ್ಗೆ. ಖಾರ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ ಎಂಬ ಮಾತು ನಿಜವಲ್ಲ. ಹುಣ್ಣಿನ ಮುಖ್ಯ ಕಾರಣಗಳು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ನೋವಿನ ಮಾತ್ರೆಗಳ ಅತಿಬಳಕೆ. ಆದರೆ ಈಗಾಗಲೇ ಎದೆಯುರಿ, ಹುಳಿತೇಗು ಇರುವವರಿಗೆ ಖಾರ ಅದನ್ನು ಕೆರಳಿಸಬಹುದು. ಮಂಡಿನೋವಿಗೆಂದು ಅವರು ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ, ಮೆಣಸಿನಕಾಯಿಯನ್ನು ದೂರುವ ಮುನ್ನ ಅದನ್ನು ವಿಚಾರಿಸಬೇಕು. ಸದ್ಯ ಅವರ ಪಾಲಿನ ಪಲ್ಯವನ್ನು ಮೊದಲೇ ತೆಗೆದಿಟ್ಟು ಉಳಿದದ್ದಕ್ಕೆ ಖಾರ ಹಾಕಿ.

ತವರಿಗೆ ಕಳಿಸಲು ಎಣ್ಣೆಯ ಬಾಟಲಿ ಬೇಡ, ಬಸ್ಸಿನ ಸೆಖೆಯಲ್ಲಿ ಫ್ರಿಜ್ಜಿನ ರಂಜಕವೂ ಬೇಡ. ಹಸಿ ಕಾಯಿಯನ್ನೇ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕಳಿಸಿ, ವಿನೆಗರಿನಲ್ಲಿ ಹಾಕಿದ್ದನ್ನಾದರೂ ಕಳಿಸಬಹುದು, ಮುಚ್ಚಳದ ಮೇಲೆ ಹಾಕಿದ ತಾರೀಖು ಬರೆಯಿರಿ. ಓಣಿಯವರು ರುಚಿ ಹತ್ತಿ ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದರೆ ಆಗ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕಾಗುತ್ತದೆ, ಮನೆಯಲ್ಲಿ ಮಾಡಿ ಮಾರುವವರಿಗೂ ಅದು ಅನ್ವಯಿಸುತ್ತದೆ.